ಶೇಕ್ರು ಎಂಬ ಕೆಂದಳಿಲು

ಭೀಮಾಶಂಕರಕ್ಕೆ ಹೋಗಿಬಂದವರು ನಮ್ಮಲ್ಲಿ ಅನೇಕರುಂಟು. ಶಿವಾಜಿನಗರದಿಂದ ಸುಮಾರು 110 ಕಿಲೋಮೀಟರು. ದೇವರ ದರ್ಶನವಾಯಿತೆಂದು ಬಸ್ಸು ಹತ್ತುವ ನಾವು ತಲೆಯೆತ್ತಿ ಮರ ನೋಡುವುದು ಕಡಿಮೆ. ಅಲ್ಲಿ ಮೇಲೆ ಶೇಕ್ರು ಇರುತ್ತದೆ. ನಮ್ಮ ಮಲೆನಾಡಿನ ಕೆಂದಳಿಲೇ ಅದು, ಮಹಾರಾಷ್ಟ್ರದ ರಾಜ್ಯಪ್ರಾಣಿ. ಬಾಲ ಸೇರಿ ಸುಮಾರು 3 ಅಡಿ ಉದ್ದ. ಒಂದೇ ನೆಗೆತಕ್ಕೆ 20 ಅಡಿ ದಾಟಬಲ್ಲದು. ಎಲೆ, ಕಡ್ಡಿ ಸೇರಿಸಿ ಒಂದೊಂದು ಅಳಿಲೂ ಹಲವು ದುಂಡು ಗೂಡು ಕಟ್ಟಿಕೊಳ್ಳುತ್ತದೆ. ಬಾಡಿಗೆಯ ಒಂದು ಕೋಣೆಗೆ ಅಲೆಯುವ ನಮಗೆ ಹೊಟ್ಟೆಕಿಚ್ಚಾಗಬೇಕು!

1985ರಿಂದ ಆ ಕಾಡು ಅಭಯಾರಣ್ಯ. ಆದರೂ ಭಯ ತಪ್ಪಿಲ್ಲ. ಕೊಂಬೆಗೆ ಕೊಂಬೆ ತಾಗಿರುವುದೇ ಶೇಕ್ರುವಿಗೆ ರಸ್ತೆ. ನೆಲಕ್ಕೆ ಇಳಿಯುವುದು ಅಪರೂಪ. ನಡುವಿನ ಮರಗಳನ್ನು ಕಡಿದು ನಮ್ಮ ರಸ್ತೆ ಅಗಲವಾಯಿತೆಂದರೆ ಅದರ ರಸ್ತೆ ಅಲ್ಲಿಗೇ ನಿಂತಿತು. ಆಚೆಯ ಮರದ ಹಣ್ಣು, ಆಚೆಯ ಜೋಡಿ, ಎರಡೂ ದೂರ.