ರೈತ ಉತ್ಪಾದಕರ ಕಂಪನಿ: ಸರ್ಕಾರದ ನೆರವನ್ನು ಬಳಸುವ ಬಗೆ



ಒಂದೆರಡು ಎಕರೆಯ ಬೇಸಾಯಗಾರನು ಗೊಬ್ಬರ ಕೊಳ್ಳುವಾಗ ಚಿಲ್ಲರೆ ಬೆಲೆ ತೆರುತ್ತಾನೆ. ಬೆಳೆದದ್ದನ್ನು ಮಾರುವಾಗ ಸಗಟು ಬೆಲೆ ಪಡೆಯುತ್ತಾನೆ. ಎರಡು ಕಡೆಯೂ ನಷ್ಟ ಅವನದೇ. ಕೂಡಿ ಕೊಂಡು ಕೂಡಿ ಮಾರುವುದೇ ಇದಕ್ಕೆ ಪರಿಹಾರವೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಅದೇ ತತ್ವವನ್ನು ವ್ಯಾಪಾರದ ಶಿಸ್ತಿನೊಡನೆ ಹೊಂದಿಸಿದ ಸಂಸ್ಥೆಯೇ ರೈತ ಉತ್ಪಾದಕರ ಕಂಪನಿ. ಇದಕ್ಕೆ ಸರ್ಕಾರದಿಂದ ಯಾವ ನೆರವು ದೊರೆಯುತ್ತದೆ, ಆ ನೆರವು ನಿಂತ ಮೇಲೂ ಕಂಪನಿ ನಿಲ್ಲಬೇಕಾದರೆ ಸದಸ್ಯರು ಏನು ಮಾಡಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಕಂಪನಿಯ ಸ್ವರೂಪ

ಕಂಪನಿ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ ಉತ್ಪಾದಕರ ಕಂಪನಿಗೆ ಅವಕಾಶವಾಯಿತು. ಕನಿಷ್ಠ 10 ಮಂದಿ ಉತ್ಪಾದಕರು ಸೇರಿ ಇದನ್ನು ನೋಂದಾಯಿಸಬಹುದು. ಇದು ಲಾಭ ಗಳಿಸಬೇಕಾದ ಉದ್ಯಮ. ಆದರೆ ಹೊರಗಿನ ಬಂಡವಾಳಗಾರನಿಗಾಗಿ ಅಲ್ಲ, ಸದಸ್ಯರ ಹಿತಕ್ಕಾಗಿ. ರೈತರೇ ಸದಸ್ಯರಾದ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಷೇರಿನ ಮೇಲಿನ ಆದಾಯಕ್ಕೆ ಮಿತಿಯಿದೆ. ಮಿಗುವ ಹಣವನ್ನು ಕಂಪನಿಯೊಡನೆ ಯಾರು ಎಷ್ಟು ವಹಿವಾಟು ನಡೆಸಿದರೋ ಆ ಪ್ರಮಾಣದಲ್ಲಿ ಬೋನಸ್ಸಾಗಿ ಹಂಚಬಹುದು. ಆದುದರಿಂದ ಷೇರು ಕೊಂಡು ಮನೆಯಲ್ಲಿ ಕುಳಿತವನಿಗಿಂತ ಮಾಲು ತಂದವನಿಗೆ ಹೆಚ್ಚು ಪ್ರಯೋಜನ.

ದೊರೆಯುವ ನೆರವು

ಕೇಂದ್ರ ಸರ್ಕಾರವು 10,000 ರೈತ ಉತ್ಪಾದಕರ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆಯನ್ನು 2020ರಲ್ಲಿ ಆರಂಭಿಸಿತು. 2027-28ರವರೆಗಿನ ಅವಧಿಗೆ ಇದಕ್ಕೆ ಗೊತ್ತುಪಡಿಸಿದ ಹಣ 6,865 ಕೋಟಿ ರೂಪಾಯಿ. 10,000ದ ಗುರಿಯನ್ನು 2025ರ ಫೆಬ್ರವರಿಯಲ್ಲಿ ಮುಟ್ಟಲಾಯಿತು. ಯೋಜನೆಯ ನೆರವಿಗೆ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರಿರಬೇಕು. ಗುಡ್ಡಗಾಡು ಹಾಗೂ ಈಶಾನ್ಯ ರಾಜ್ಯಗಳಲ್ಲಿ 100 ಮಂದಿ ಸಾಕು. ನೆರವಿನಲ್ಲಿ ಮೂರು ಬಗೆ. ಅವುಗಳ ವ್ಯತ್ಯಾಸವನ್ನು ಪ್ರತಿಯೊಬ್ಬ ಸದಸ್ಯನೂ ಅರಿತಿರಬೇಕು.

1. ಆಡಳಿತ ವೆಚ್ಚ: ಒಂದು ಸಂಸ್ಥೆಗೆ ಮೂರು ವರ್ಷಗಳಲ್ಲಿ ಒಟ್ಟು 18 ಲಕ್ಷ ರೂಪಾಯಿಗಳವರೆಗೆ. ಮುಖ್ಯ ಕಾರ್ಯನಿರ್ವಾಹಕ ಹಾಗೂ ಲೆಕ್ಕಿಗರ ಸಂಬಳ, ಕಚೇರಿ ಬಾಡಿಗೆ ಮುಂತಾದುವು ಇದರಲ್ಲಿ ಸೇರುತ್ತವೆ. ಇದು ಖರ್ಚಾಗಿ ಹೋಗುವ ಹಣ.

2. ಸಮಪಾಲು ಷೇರು ಧನಸಹಾಯ: ಸದಸ್ಯನು ಹಾಕಿದ ಷೇರು ಹಣಕ್ಕೆ ಸಮನಾದ ಮೊತ್ತ, ಒಬ್ಬರಿಗೆ 2,000 ರೂಪಾಯಿ, ಒಂದು ಸಂಸ್ಥೆಗೆ 15 ಲಕ್ಷ ರೂಪಾಯಿ ಮಿತಿ. ಇದು ಬಂಡವಾಳವಾಗಿ ಉಳಿಯಬೇಕಾದ ಹಣ.

3. ಸಾಲಕ್ಕೆ ಖಾತರಿ: 2 ಕೋಟಿ ರೂಪಾಯಿಗಳವರೆಗಿನ ಸಾಲಕ್ಕೆ ಖಾತರಿ ನಿಧಿಯ ಬೆಂಬಲವಿದೆ. ಇದು ಬ್ಯಾಂಕಿನ ಭಯವನ್ನು ಕಡಿಮೆ ಮಾಡುವ ಏರ್ಪಾಡೇ ಹೊರತು ಸಾಲಮನ್ನಾ ಅಲ್ಲ. ಸಾಲವನ್ನು ಕಂಪನಿಯೇ ತೀರಿಸಬೇಕು.

ಎರಡನೆಯ ನೆರವಿನ ಲೆಕ್ಕವನ್ನು ಗಮನಿಸಿರಿ. 300 ಸದಸ್ಯರು ತಲಾ 2,000 ರೂಪಾಯಿ ಹಾಕಿದರೆ 6 ಲಕ್ಷ. ಸರ್ಕಾರದ ಪಾಲು ಸೇರಿ 12 ಲಕ್ಷ. ಅದೇ 300 ಮಂದಿ ತಲಾ 500 ರೂಪಾಯಿ ಹಾಕಿ ನಿಲ್ಲಿಸಿದರೆ ಒಟ್ಟು 3 ಲಕ್ಷ ಮಾತ್ರ. 15 ಲಕ್ಷದ ಪೂರ್ಣ ಸಹಾಯ ಬೇಕಾದರೆ 750 ಸದಸ್ಯರು ತಲಾ 2,000 ರೂಪಾಯಿ ಹಾಕಿರಬೇಕು. ಸರ್ಕಾರದ ಹಣ ಹೆಪ್ಪಿನಂತೆ. ಹಾಲು ನಮ್ಮದೇ ಆಗಬೇಕು.

ಮೂರು ವರ್ಷಗಳ ನಂತರ

ನಿಜವಾದ ಪರೀಕ್ಷೆ ಆಡಳಿತ ವೆಚ್ಚ ನಿಂತಾಗ ಬರುತ್ತದೆ. ಯೋಜನೆಯ ಮೊದಲ ವರ್ಷಗಳಲ್ಲಿ ಹುಟ್ಟಿದ ಕಂಪನಿಗಳಿಗೆ ಈ ಕಾಲ ಈಗಾಗಲೇ ಬಂದಿದೆ.

ಒಂದು ಉದಾಹರಣೆ ನೋಡೋಣ. ಕಾರ್ಯನಿರ್ವಾಹಕರಿಗೆ ತಿಂಗಳಿಗೆ 25,000, ಲೆಕ್ಕಿಗರಿಗೆ 10,000 ರೂಪಾಯಿ ಸಂಬಳವೆಂದರೆ ವರ್ಷಕ್ಕೆ 4,20,000 ರೂಪಾಯಿ. ವಹಿವಾಟಿನಲ್ಲಿ ನೂರಕ್ಕೆ 2 ರೂಪಾಯಿ ಉಳಿಯುವುದಾದರೆ, ಈ ಸಂಬಳವೊಂದನ್ನೇ ಹೊರಡಿಸಲು 2 ಕೋಟಿ 10 ಲಕ್ಷ ರೂಪಾಯಿ ವಹಿವಾಟು ನಡೆಯಬೇಕು. 300 ಸದಸ್ಯರಿದ್ದಲ್ಲಿ ಒಬ್ಬೊಬ್ಬರೂ ವರ್ಷಕ್ಕೆ 70,000 ರೂಪಾಯಿ ವ್ಯವಹಾರ ಮಾಡಿದಂತಾಗಬೇಕು. ನೂರಕ್ಕೆ 5 ರೂಪಾಯಿ ಉಳಿದರೆ 84 ಲಕ್ಷ ಸಾಕು. ತಲಾ 28,000 ರೂಪಾಯಿ. ಬಾಡಿಗೆ, ವಿದ್ಯುತ್ತು, ಲೆಕ್ಕಪರಿಶೋಧನೆಯ ಶುಲ್ಕ ಇವೆಲ್ಲ ಬೇರೆ.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಬರೀ ಗೊಬ್ಬರ ತಂದು ಮಾರಿ ಕಡಿಮೆ ಲಾಭಕ್ಕೆ ತೃಪ್ತಿಪಡದೆ, ಮಾಲನ್ನು ಶುಚಿಗೊಳಿಸಿ, ದರ್ಜೆ ಮಾಡಿ, ಚೀಲಕ್ಕೆ ತುಂಬಿ ಮಾರುವಂಥ ಕೆಲಸವನ್ನೂ ಕೈಗೊಳ್ಳಬೇಕು. ಎರಡನೆಯದು, ಸದಸ್ಯರ ಹೆಸರು ಪುಸ್ತಕದಲ್ಲಿದ್ದರೆ ಸಾಲದು. ಅವರ ಚೀಲ ಕಂಪನಿಯ ತಕ್ಕಡಿಗೆ ಬರಬೇಕು. ಹೊರಗಿನ ವ್ಯಾಪಾರಿ ಕ್ವಿಂಟಾಲಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟನೆಂದು ಎಲ್ಲರೂ ಅತ್ತ ಹೊರಟರೆ ಕಂಪನಿ ಬಾಗಿಲು ಮುಚ್ಚುತ್ತದೆ. ಮರುವರ್ಷ ಆ ವ್ಯಾಪಾರಿ ಹೇಳಿದ್ದೇ ಬೆಲೆಯಾಗುತ್ತದೆ.

ಸದಸ್ಯರ ಹೊಣೆ

ಕಂಪನಿ ಹುಟ್ಟಿದ 90 ದಿನಗಳೊಳಗೆ ಮೊದಲ ವಾರ್ಷಿಕ ಸರ್ವಸದಸ್ಯರ ಸಭೆ ಸೇರತಕ್ಕದ್ದು. ಆಮೇಲೆ ಪ್ರತಿವರ್ಷವೂ ಸೇರಬೇಕು. ಸಭೆಗೆ ಕನಿಷ್ಠ 14 ದಿನ ಮುಂಚೆ ತಿಳುವಳಿಕೆ ಪತ್ರ ಬರಬೇಕು. ಸದಸ್ಯರಲ್ಲಿ ಕಾಲುಭಾಗ ಮಂದಿಯಾದರೂ ಹಾಜರಿರಬೇಕು; ಎಂದರೆ 300ಕ್ಕೆ 75. ಸಹಿ ಹಾಕಿ ಎದ್ದು ಬರುವ ಸಭೆ ಇದಲ್ಲ. ಅಲ್ಲಿ ಈ ಪ್ರಶ್ನೆಗಳನ್ನು ತಪ್ಪದೆ ಕೇಳಿರಿ:

ಅ) ಸರ್ಕಾರದಿಂದ ಈವರೆಗೆ ಬಂದ ಹಣವೆಷ್ಟು? ಯಾವ ಬಾಬ್ತಿಗೆ ಬಂದದ್ದು?
ಆ) ಷೇರು ಹಣ ಹಾಗೂ ಅದರ ಧನಸಹಾಯ ಬ್ಯಾಂಕಿನಲ್ಲಿ, ದಾಸ್ತಾನಿನಲ್ಲಿ ಇವೆಯೇ, ಸಂಬಳಕ್ಕೆ ಕರಗಿವೆಯೇ?
ಇ) ಧನಸಹಾಯವನ್ನು ಬಿಟ್ಟು ನೋಡಿದರೆ ಈ ವರ್ಷ ಲಾಭವೋ ನಷ್ಟವೋ?
ಈ) ಕಂಪನಿಯೊಡನೆ ವ್ಯವಹಾರ ಮಾಡಿದ ಸದಸ್ಯರೆಷ್ಟು ಮಂದಿ?
ಉ) ಕಂಪನಿ ರಿಜಿಸ್ಟ್ರಾರರಿಗೆ ವಾರ್ಷಿಕ ಲೆಕ್ಕಪತ್ರ ಸಲ್ಲಿಕೆಯಾಗಿದೆಯೇ? ತಡವಾದರೆ ದಂಡ ತೆರಬೇಕಾಗುತ್ತದೆ.

ಇವುಗಳಲ್ಲಿ ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಧನಸಹಾಯವನ್ನೂ ಸೇರಿಸಿ ತೋರಿಸಿದ ಲಾಭ ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ಸಹಾಯ ನಿಂತ ವರ್ಷವೇ ಅದು ಮಾಯವಾಗುತ್ತದೆ. ಆದುದರಿಂದ ಮುಂದಿನ ಸಭೆಗೆ ಹೋಗುವ ಮುನ್ನ ಲಾಭ-ನಷ್ಟದ ತಖ್ತೆಯ ಒಂದು ಪ್ರತಿಯನ್ನು ಪಡೆದು, ಧನಸಹಾಯದ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿ ಮತ್ತೆ ಕೂಡಿಸಿ ನೋಡಿರಿ. ಉಳಿಯುವ ಅಂಕಿಯೇ ನಿಮ್ಮ ಕಂಪನಿಯ ನಿಜವಾದ ಬಲ.