ಕೆಚ್ಚಲು ಬಾವಿನ ಹಾಲು ಕರುವಿಗೆ ಬೇಡ

ಹೈನುಗಾರಿಕೆಯನ್ನೇ ನಂಬಿರುವ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪಶು ಆಸ್ಪತ್ರೆಗೆ ಬರುವವರ ಬಾಯಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳುತ್ತದೆ. ಕರುವಿಗೆ ಬಿಳಿ ಭೇದಿ. ಮಾತ್ರೆ ಕೊಟ್ಟಾಯಿತು, ಇಂಜೆಕ್ಷನ್ ಹಾಕಿಸಿದ್ದಾಯಿತು, ನಿಲ್ಲುತ್ತಿಲ್ಲ. "ಮದ್ದೇ ಡೂಪ್ಲಿಕೇಟ್ ಇರಬೇಕು ಸಾರ್" ಎಂಬ ಅನುಮಾನ ಬೇರೆ. ಔಷಧಿ ಅಂಗಡಿಯವನನ್ನು ಬೈಯುವ ಮೊದಲು ಕರುವಿನ ಮುಂದಿರುವ ಬಕೆಟ್ ನೋಡಬೇಕು.

ಹಸುವಿಗೆ ಕೆಚ್ಚಲು ಬಾವು ಬಂದಿದೆ. ಡಾಕ್ಟರು ಮೊಲೆಗೆ ಟ್ಯೂಬ್ ಏರಿಸಿ, ಹಾಲನ್ನು ಡೈರಿಗೆ ಹಾಕಬೇಡಿ ಎಂದು ಹೇಳಿ ಹೋಗಿದ್ದಾರೆ. ಸಂಜೆ ಕರೆದರೆ ನಾಲ್ಕು ಲೀಟರ್ ಹಾಲು, ಅದರಲ್ಲಿ ಸಣ್ಣ ಗರಣೆ. ಚೆಲ್ಲಲು ಮನಸ್ಸು ಬರುವುದಿಲ್ಲ. ಬಟ್ಟೆಯಲ್ಲಿ ಸೋಸಿ ಕರುವಿಗೆ ಕುಡಿಸಿಬಿಡುತ್ತಾರೆ. ಇಲ್ಲವೇ ಸೊರ ಬಿಡಲೆಂದು ಕರುವನ್ನು ಅದೇ ಮೊಲೆಗೆ ಬಿಡುತ್ತಾರೆ. ಇಪ್ಪತ್ತು ವರ್ಷ ಹಸು ಸಾಕಿದವರ ಕೊಟ್ಟಿಗೆಯಲ್ಲೂ ನಡೆಯುವ ತಪ್ಪು ಇದು. ಎಷ್ಟು ಸಲ ಹೇಳಿದರೂ ನಿಲ್ಲದ ತಪ್ಪೂ ಇದೇ.

ಆ ಹಾಲಿನಲ್ಲಿ ಆ್ಯಂಟಿಬಯೋಟಿಕ್ ಉಳಿದಿರುತ್ತದೆ. ಬಾವು ವಾಸಿ ಮಾಡುವಷ್ಟಿಲ್ಲ, ಆದರೆ ಕರುವಿನ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾಗಳಲ್ಲಿ ದುರ್ಬಲವಾದವನ್ನು ಕೊಂದು, ಮದ್ದಿಗೆ ಬಗ್ಗದವನ್ನು ಬೆಳೆಸುವಷ್ಟಿರುತ್ತದೆ. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬೇಡ. ಕುದಿಸಿದರೆ ಸೂಕ್ಷ್ಮಾಣು ಸಾಯುತ್ತವೆ, ಔಷಧದ ಅಂಶ ಪೂರ್ತಿ ಹೋಗುವುದಿಲ್ಲ. ಇಂಥ ಹಾಲು ಕುಡಿದ ಕರುಗಳ ಸಗಣಿಯಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾ ಹೆಚ್ಚುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲೇ ಹೇಳಿದೆ.

ನಿರೋಧಕ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬ ವಿವರ ರೈತರಿಗೆ ಅಷ್ಟು ಮುಖ್ಯವಲ್ಲ. ದಾಟುತ್ತದೆ, ಕೊಟ್ಟಿಗೆಯಿಂದ ಮನೆಯೊಳಕ್ಕೂ ಬರುತ್ತದೆ ಎಂಬುದು ಮುಖ್ಯ. ಅಮೆರಿಕದ ವೈದ್ಯ ಸ್ಟುವರ್ಟ್ ಲೆವಿ ಒಂದು ಫಾರಂನ ಕೋಳಿಗಳಿಗೆ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿದ ಆಹಾರ ಹಾಕಿಸಿ ನೋಡಿದ್ದರು. ಕೆಲವೇ ದಿನಗಳಲ್ಲಿ ಕೋಳಿಗಳ ಕರುಳಿನಲ್ಲಿ, ಆರು ತಿಂಗಳೊಳಗೆ ಆ ಫಾರಂನಲ್ಲಿದ್ದ ಜನರ ಕರುಳಿನಲ್ಲೂ ನಿರೋಧಕ ಬ್ಯಾಕ್ಟೀರಿಯಾ ಸಿಕ್ಕವು. 1976ರಲ್ಲಿ ಪ್ರಕಟವಾದ ಸಂಗತಿ ಇದು. ಆ ಮನೆಯವರು ಆಸ್ಪತ್ರೆಯಲ್ಲಿ ಮಲಗಿದ್ದವರಲ್ಲ, ಕಾಯಿಲೆಯವರೂ ಅಲ್ಲ. ಕರುಳಿನಲ್ಲಿ ಸುಮ್ಮನಿದ್ದ ಇಂಥ ಬ್ಯಾಕ್ಟೀರಿಯಾ ಮುಂದೊಂದು ದಿನ ಮನೆಯ ಹೆಂಗಸರಿಗೆ ಉರಿಮೂತ್ರ ತಂದರೆ, ಮಾಮೂಲಿ ಮಾತ್ರೆ ಕೆಲಸ ಮಾಡುವುದಿಲ್ಲ.

ಈಗ ಹಾಲನ್ನು ಎಷ್ಟು ದಿನ ಬಳಸಬಾರದು ಎಂಬ ಲೆಕ್ಕ. ಟ್ಯೂಬ್‌ನ ಡಬ್ಬಿಯ ಮೇಲೆ ಹಾಲು ಬಿಡಬೇಕಾದ ಅವಧಿ ಇರುತ್ತದೆ, ಅದನ್ನೇ ಪಾಲಿಸಬೇಕು. ಬರೆದಿಲ್ಲದಿದ್ದರೆ 2012ರ ಔಷಧ ನಿಯಮದಂತೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಎಣಿಕೆ ಮೊದಲ ಟ್ಯೂಬ್‌ನಿಂದಲ್ಲ, ಕೊನೆಯ ಡೋಸ್‌ನಿಂದ. ಬಾವು ಒಂದೇ ಮೊಲೆಗೆ ಬಂದಿದ್ದರೂ ನಾಲ್ಕು ಮೊಲೆಯ ಹಾಲನ್ನೂ ಬಿಡಬೇಕು, ಏಕೆಂದರೆ ಔಷಧ ರಕ್ತಕ್ಕೆ ಸೇರಿ ಉಳಿದ ಮೊಲೆಗಳಿಗೂ ಹೋಗುತ್ತದೆ. "ಮೂರು ಮೊಲೆ ಚೆನ್ನಾಗಿದೆಯಲ್ಲ" ಎಂಬ ವಾದ ಇಲ್ಲಿ ನಡೆಯದು. ಈ ಹಾಲನ್ನು ಬಾವಿ, ಚರಂಡಿಯಿಂದ ದೂರ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಬೇಕು. ನಾಯಿಗೂ ಹಾಕಬಾರದು.

ಅಷ್ಟು ದಿನ ಕರುವಿಗೆ ಬೇರೆ ಹಸುವಿನ ಹಾಲು. 25 ಕಿಲೋ ಕರುವಿಗೆ ದಿನಕ್ಕೆ ತೂಕದ ಹತ್ತನೇ ಒಂದು ಪಾಲು, ಅಂದರೆ ಎರಡೂವರೆ ಲೀಟರ್, ಎರಡು ಮೂರು ಸಲ ಹಂಚಿ. ಹುಟ್ಟಿದ ಕರುವಿಗೆ ಮೊದಲ ಎರಡು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಬೀಳಲೇಬೇಕು. ಒಂದು ದಿನ ಕಳೆದ ಮೇಲೆ ಕೊಟ್ಟರೆ ರೋಗ ತಡೆಯುವ ಅಂಶ ರಕ್ತಕ್ಕೆ ಸೇರುವುದಿಲ್ಲ. ಕಸ ಬೀಳಲಿ ಎಂದು ಕಾಯುತ್ತಾ ಗಿಣ್ಣು ತಡಮಾಡುವವರು ಭೇದಿಯನ್ನು ತಾವೇ ಕರೆಯುತ್ತಿದ್ದಾರೆ.

ಭೇದಿ ಶುರುವಾದರೆ ಮೊದಲ ಮದ್ದು ನೀರು. 25 ಕಿಲೋ ಕರುವಿನ ಕಣ್ಣು ಗುಳಿ ಬಿದ್ದಿದ್ದರೆ ಸುಮಾರು ಎರಡು ಲೀಟರ್ ನೀರು ಆಗಲೇ ಹೋಗಿದೆ ಎಂದು ತಿಳಿಯಬೇಕು. ಒಂದು ಲೀಟರ್‌ನ ಓಆರ್‌ಎಸ್ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಕಲಸಿ, ದಿನಕ್ಕೆ ಎರಡು ಮೂರು ಸಲ, ಹಾಲಿನ ಹೊತ್ತಿನಿಂದ ಎರಡು ಗಂಟೆ ಅಂತರದಲ್ಲಿ ಕುಡಿಸಬೇಕು. ಹಾಲು ನಿಲ್ಲಿಸಬಾರದು. ಎಳೆಗರುಗಳ ಭೇದಿಯಲ್ಲಿ ವೈರಸ್ಸಿನದೂ ಬಹಳ; ಅದಕ್ಕೆ ಆ್ಯಂಟಿಬಯೋಟಿಕ್ ಏನೂ ಮಾಡದು. 103 ಡಿಗ್ರಿ ದಾಟಿದ ಜ್ವರ, ಸಗಣಿಯಲ್ಲಿ ರಕ್ತ, ಏಳಲಾಗದ ಸ್ಥಿತಿ, ಚೀಪುವ ಶಕ್ತಿ ಇಲ್ಲದಿರುವುದು ಕಂಡರೆ ತಡಮಾಡದೆ ಡಾಕ್ಟರನ್ನು ಕರೆಸಬೇಕು. ಕಳೆದ ಸಲ ಉಳಿದ ಅರ್ಧ ಬಾಟಲಿಯನ್ನು ಗೂಡಿನಿಂದ ತೆಗೆದು ಅಂದಾಜಿನಲ್ಲಿ ಹೊಯ್ಯುವುದು ಚಿಕಿತ್ಸೆಯಲ್ಲ.

ದೇಶದಲ್ಲಿ 2018ರಲ್ಲಿ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 77ರಲ್ಲಿ ಮಾತ್ರ ಆ್ಯಂಟಿಬಯೋಟಿಕ್ ಮಿತಿ ಮೀರಿತ್ತು. ಮಾರುಕಟ್ಟೆಯ ಹಾಲಿಗೆ ಅಷ್ಟಾದರೂ ಪರೀಕ್ಷೆ ಇದೆ. ಕರುವಿನ ಬಕೆಟ್ಟನ್ನು ಯಾರೂ ಪರೀಕ್ಷಿಸುವುದಿಲ್ಲ.

ಬಾವೇ ಬರದಂತೆ ನೋಡಿಕೊಂಡರೆ ಹಾಲು ಚೆಲ್ಲುವ ಸಂಕಟವೂ ಕಡಿಮೆ. ಕರೆದ ಕೂಡಲೇ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಅರ್ಧ ಗಂಟೆ ಹಸು ಮಲಗದಂತೆ ಮೇವು ಹಾಕಬೇಕು. ಚಿಕಿತ್ಸೆಯಲ್ಲಿರುವ ಹಸುವಿನ ಹಿಂಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಕೊನೆಯ ಡೋಸ್‌ನ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದರೆ, ಬೆಳಗ್ಗೆ ಕರೆಯಲು ಬರುವವರು ಯಾರೇ ಆದರೂ ಕೇಳದೆ ತಿಳಿಯುತ್ತದೆ. ಆ ದಿನಗಳ ಸಗಣಿಯನ್ನು ಹಸಿಯಾಗಿ ಕೊತ್ತಂಬರಿ, ಮೂಲಂಗಿ ಮಡಿಗೆ ಹಾಕದೆ, ತಿಪ್ಪೆಯಲ್ಲಿ ಬಿಸಿಯೇರಿ ಚೆನ್ನಾಗಿ ಕಳಿತ ಮೇಲಷ್ಟೇ ಹೊಲಕ್ಕೆ ಹೊಡೆಯಬೇಕು.