ಕಾಣದ ಅನುಕೂಲ

ಭಾರ ಹೊತ್ತವನಿಗೆ ಭಾರದ ಅರಿವುಂಟು. ಹೊರದವನಿಗೆ ತನ್ನ ಹೆಗಲು ಹಗುರವೆಂಬುದೇ ತೋರದು. 1988ರಲ್ಲಿ ಅಮೆರಿಕದ ವಿದುಷಿ ಪೆಗಿ ಮೆಕಿಂಟಾಶ್ ಅವರು ಬಿಳಿಯ ಮೈಬಣ್ಣದಿಂದಲೇ ತಮಗೆ ದೊರೆತ ಅನುಕೂಲಗಳನ್ನು ಪಟ್ಟಿಮಾಡಿದರು. ನಮ್ಮಲ್ಲಿ ಆ ಬಣ್ಣದ ಸ್ಥಾನದಲ್ಲಿ ಜಾತಿ ನಿಂತಿದೆ.

ಮೈಸೂರು ಸಂಸ್ಥಾನದಲ್ಲಿ ಉನ್ನತ ಹುದ್ದೆಗಳು ಬಹುಪಾಲು ಬ್ರಾಹ್ಮಣರಿಗೇ ದೊರೆಯುತ್ತಿದ್ದವು. ತಲೆಮಾರುಗಳಿಂದ ವಿದ್ಯೆ ಒಲಿದಿದ್ದವರಿಗೆ ಅದು ಕೇವಲ ಯೋಗ್ಯತೆಯ ಫಲವೆಂದು ತೋರಿತು. ಶಾಲೆಯ ಬಾಗಿಲನ್ನೇ ಕಾಣದವರ ಯೋಗ್ಯತೆಯನ್ನು ಅಳೆದವರಾರು? ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಅದರ ಶಿಫಾರಸಿನ ಮೇರೆಗೆ 1921ರಲ್ಲಿ ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಆದ್ಯತೆ ದೊರೆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿತು.

ದೊಡ್ಡಬಳ್ಳಾಪುರದ ಬಳಿಯ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಇಂದು ಹಲವು ಊರುಗಳ ಜನ ದುಡಿಯುತ್ತಾರೆ. ಯಂತ್ರವು ಯಾರ ಜಾತಿಯನ್ನೂ ಕೇಳದು. ಬಾಡಿಗೆಯ ಮನೆಯನ್ನು ಅರಸಿ ಹೊರಟಾಗ ಮಾತ್ರ ನಾಡಿನ ಎಷ್ಟೋ ಊರುಗಳಲ್ಲಿ ಆ ಪ್ರಶ್ನೆ ಇನ್ನೂ ಎದುರಾಗುತ್ತದೆ. ಅಳುಕದೆ ಉತ್ತರಿಸಬಲ್ಲವನು ಅದನ್ನು ಕೂಡಲೇ ಮರೆಯುತ್ತಾನೆ, ಅಳುಕುವವನು ಮರೆಯಲಾರ. ಆ ಮರೆವು ತನಗೆ ಎಲ್ಲಿಂದ ಬಂದಿತೆಂದು ಪ್ರತಿಯೊಬ್ಬನೂ ತನ್ನನ್ನು ತಾನು ಕೇಳಿಕೊಳ್ಳಬೇಕು.